ಡಿಕ್ಕಿಗೆ ಹೋದ ಬ್ಯಾಟರಿಗೆ ಯಾವ ಫ್ಯೂಸ್?

ಹೋದ ಬೇಸಿಗೆಯಲ್ಲಿ ದಾವಣಗೆರೆಯ ಪಿ.ಬಿ. ರಸ್ತೆಯ ಗ್ಯಾರೇಜೊಂದರಲ್ಲಿ ಗೆಳೆಯನ ಹಳೇ ಕಾರಿನ ಬ್ಯಾಟರಿಯನ್ನು ಡಿಕ್ಕಿಗೆ ಹಾಕಿಕೊಟ್ಟರು. ಕೆಲಸ ನೀಟಾಗಿತ್ತು. ಫ್ಯೂಸ್ ಮಾತ್ರ ಬಾನೆಟ್ ಕೆಳಗೆ, ಸೆಲ್ಫ್ ಮೋಟರಿನ ಪಕ್ಕ ಕೂತಿತ್ತು. ಅಂದರೆ ಸೀಟಿನಡಿ ಹಾದುಹೋಗುವ ನಾಲ್ಕೈದು ಮೀಟರ್ ವೈರಿಗೆ ಕಾವಲೇ ಇಲ್ಲ! ಸೀಟಿನ ಬೋಲ್ಟಿಗೆ ಉಜ್ಜಿ ಅದರ ಸಿಪ್ಪೆ ಹರಿದರೆ ಫ್ಯೂಸ್ ಹೋಗುವುದಿಲ್ಲ, ಕಾರ್ಪೆಟ್ ಹೊತ್ತಿಕೊಳ್ಳುತ್ತದೆ.

‘ಕಂಪನಿಯವರೇ ಸೆಲ್ಫ್ ವೈರಿಗೆ ಫ್ಯೂಸ್ ಹಾಕಿರಲಿಲ್ಲವಲ್ಲ’ ಅಂತಾರೆ. ಆ ವೈರ್ ಮೊಳದುದ್ದ ಇತ್ತು, ಅದಕ್ಕೆ. ವೈರ್ ಉದ್ದವಾದರೆ ಕಂಪನಿಯವರೂ ಕಾವಲು ಇಡುತ್ತಾರೆ. ಡಿಕ್ಕಿಯಲ್ಲಿ ಬ್ಯಾಟರಿ ಇರುವ ಎಷ್ಟೋ ಬಿಎಂಡಬ್ಲ್ಯು ಕಾರುಗಳಲ್ಲಿ, ಅಪಘಾತವಾದರೆ ಪುಟ್ಟ ಸಿಡಿಮದ್ದು ಹಾರಿ ಸೆಲ್ಫ್ ವೈರ್ ಬ್ಯಾಟರಿಯಿಂದ ಬೇರೆಯಾಗುತ್ತದೆ.

ಮೊದಲು ವೈರ್. ಸಣ್ಣ ಪೆಟ್ರೋಲ್ ಕಾರಿಗೆ 35 ಸ್ಕ್ವೇರ್ ಎಂಎಂ ತಾಮ್ರದ ವೆಲ್ಡಿಂಗ್ ಕೇಬಲ್. ಐದು ಮೀಟರಿನಲ್ಲಿ 200 ಆಂಪ್ ಹರಿದರೆ ಅರ್ಧ ವೋಲ್ಟ್ ಇಳಿಯುತ್ತದೆ. 16ರ ವೈರ್ ಹಾಕಿದರೆ ಒಂದು ವೋಲ್ಟಿಗಿಂತ ಜಾಸ್ತಿ. ಕೊಳ್ಳುವ ಮುಂಚೆ ಒಂದು ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ. ಒಳಗೆ ಬೆಳ್ಳಗಿದ್ದರೆ ಅದು ಮೇಲೆ ತಾಮ್ರ ಲೇಪಿಸಿದ ಅಲ್ಯೂಮಿನಿಯಂ, ವಾಪಸ್ ಕೊಡಿ.

ಫ್ಯೂಸಿನ ಜಾಗ: ಬ್ಯಾಟರಿ ಪ್ಲಸ್‌ನಿಂದ ಒಂದು ಗೇಣಿನೊಳಗೆ.

ಎಷ್ಟು ಆಂಪ್? ಎಲ್ಲರೂ ಎಡವುವುದು ಇಲ್ಲೇ. ಸೆಲ್ಫ್ ಹೊಡೆದ ಆ ಕ್ಷಣ ಮೋಟರ್ ಎಳೆಯುವ ಕರೆಂಟು, ಅದು ತಿರುಗಲು ಶುರುವಾದ ಮೇಲಿನದರ ಎರಡು–ಮೂರು ಪಟ್ಟು. ಅದಕ್ಕೆ ಹೆದರಿ 500ರ ಫ್ಯೂಸ್ ಹಾಕುತ್ತಾರೆ. ಆದರೆ ಫ್ಯೂಸ್ ಇರುವುದು ವೈರ್ ಕಾಯುವುದಕ್ಕೆ. ಅರೆಬರೆ ಶಾರ್ಟ್ ಆಗಿ 400 ಆಂಪ್ ಹರಿಯುತ್ತಿದ್ದರೆ 500ರ ಫ್ಯೂಸ್ ಸುಮ್ನೆ ಕೂತಿರುತ್ತದೆ, ವೈರ್ ಸುಡುತ್ತದೆ. ನಿಧಾನವಾಗಿ ಕರಗುವ ಮೆಗಾ ಫ್ಯೂಸ್ ತಗೊಳ್ಳಿ. ತನ್ನ ರೇಟಿಂಗಿನ ಎರಡು ಪಟ್ಟು ಹರಿದರೂ ಅದು ಒಂದು ಸೆಕೆಂಡಾದರೂ ಕರಗದೆ ತಾಳುತ್ತದೆ. ಮೊದಲ ಎಳೆತ ಅಷ್ಟರಲ್ಲಿ ಮುಗಿದಿರುತ್ತದೆ. ನೇರ ಶಾರ್ಟ್ ಆದರೆ ಬ್ಯಾಟರಿ ಸಾವಿರ ಆಂಪ್ ದಾಟಿಸುತ್ತದೆ, ಆಗ ಫ್ಯೂಸ್ ಉಳಿಯುವುದಿಲ್ಲ. 35ರ ಕೇಬಲ್ಲಿಗೆ ನಾನು ಹಾಕುವುದು 200. ಸಣ್ಣ ಡೀಸೆಲ್ ಕಾರಿಗೆ 50ರ ಕೇಬಲ್, 250.

ಅನುಮಾನವಿದ್ದರೆ ಬೆಳಗಿನ ಜಾವ, ಎಂಜಿನ್ ತಣ್ಣಗಿರುವಾಗ ಸೆಲ್ಫ್ ಎಳೆಯುವ ಕರೆಂಟನ್ನು ಕ್ಲಾಂಪ್ ಮೀಟರಿನಲ್ಲಿ (ವೈರನ್ನು ಇಕ್ಕಳದಂತೆ ಸುತ್ತಿ ಹಿಡಿಯುವ ಮೀಟರ್) ಅಳೆಯಿರಿ. ಬ್ಯಾಟರಿಯ ಕರೆಂಟು ಡಿಸಿ, ಅದನ್ನು ಓದುವ ಮೀಟರೇ ಬೇಕು. ಮನೆ ವೈರಿಂಗ್‌ನವರ ಹತ್ತಿರ ಇರುವುದು ಸಾಮಾನ್ಯವಾಗಿ ಎಸಿಯದು.

ಫ್ಯೂಸ್ ಬದಲು ಮನೆಯ ಎಂಸಿಬಿ (ಕರೆಂಟು ಜಾಸ್ತಿಯಾದರೆ ತಾನೇ ಬೀಳುವ ಸ್ವಿಚ್) ಬೇಡವೇ ಬೇಡ. ಎಸಿ ಕರೆಂಟು ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬರುತ್ತದೆ, ಕಿಡಿ ತಾನೇ ಆರುತ್ತದೆ. ಡಿಸಿಯಲ್ಲಿ ಆ ಅನುಕೂಲ ಇಲ್ಲ. ಚಿನ್ನದ ಬಣ್ಣದಲ್ಲಿ ಮಿಂಚುವ ಕಾರ್ ಆಡಿಯೋಗೆಂದು ಮಾರುವ ಅಗ್ಗದ ಬ್ರೇಕರೂ ನನಗೆ ಆಗುವುದಿಲ್ಲ. ಕಟ್-ಆಫ್ ಸ್ವಿಚ್ ಹಾಕಿಕೊಳ್ಳಿ, ಆದರೆ ಅದು ಫ್ಯೂಸ್ ಅಲ್ಲ.

ಉಳಿದದ್ದು ಸುಲಭ. ವೈರ್ ಹಾಯುವ ತಗಡಿನ ತೂತಿಗೆಲ್ಲ ರಬ್ಬರ್ ಗ್ರಾಮೆಟ್ (ಅಂಚಿಗೆ ಕೂರಿಸುವ ಬಳೆ). ಅರ್ಥ್ ಕೂರುವಲ್ಲಿ ಪೇಂಟ್ ಕೆರೆದು ತಗಡು ಹೊಳೆಯಬೇಕು. ಬ್ಯಾಟರಿ ಅಲ್ಲಾಡದಂತೆ ಬಿಗಿದು, ಅದರ ಗ್ಯಾಸ್ ಹೊರಗೆ ಹೋಗಲು ಪೈಪ್ ಇಡಿ.

ಒಂದು ವಾರ ಓಡಿಸಿ. ಆಮೇಲೆ ನಾಲ್ಕೈದು ಸಲ ಸೆಲ್ಫ್ ಹೊಡೆದು, ಎಂಜಿನ್ ಆಫ್ ಮಾಡಿ ಫ್ಯೂಸ್ ಹೋಲ್ಡರಿನ ಪ್ಲಾಸ್ಟಿಕ್ ಮುಟ್ಟಿ ನೋಡಿ. ಬಿಸಿಯಾಗಿದ್ದರೆ ದೊಡ್ಡ ಫ್ಯೂಸ್ ಹುಡುಕಿಕೊಂಡು ಹೋಗಬೇಡಿ. ಬ್ಯಾಟರಿಯ ಮೈನಸ್ ಬಿಚ್ಚಿ, ಲಗ್ಗಿನ (ವೈರಿನ ತುದಿಯ ಲೋಹದ ಕಣ್ಣು) ನಟ್ ಬಿಗಿ ಮಾಡಿ.