ಅಪರಾಧಶಾಸ್ತ್ರ ಎಂ.ಎ.: ಒಂದು ವರದಿಯನ್ನು ನಂಬಿ ಕೆಲಸ ಹಿಡಿದ ನನ್ನ ಅನುಭವ

ಅಪರಾಧಶಾಸ್ತ್ರದಲ್ಲಿ ಎಂ.ಎ. ಮಾಡಿದವರು ಅಪರಾಧದ ಆರೋಪವಿರುವ ಮಕ್ಕಳ ಮನೆ, ಶಾಲೆಯ ಹಿನ್ನೆಲೆ ವಿಚಾರಿಸಿ ಸಾಮಾಜಿಕ ತನಿಖಾ ವರದಿ ಬರೆಯುವುದನ್ನೇ ಕಸುಬಾಗಿ ಹಿಡಿದು ಬದುಕಬಹುದು ಎಂದು ನಾನು ಹೇಳಿದಾಗ ನಮ್ಮ ತರಗತಿಯಲ್ಲಿ ಒಪ್ಪಿದವರು ಯಾರೂ ಇರಲಿಲ್ಲ. ಪೊಲೀಸ್ ಇಲಾಖೆ ಸೇರಬೇಕು, ಇಲ್ಲವೇ ಕಾಲೇಜು ಅಧ್ಯಾಪಕರ ಅರ್ಹತಾ ಪರೀಕ್ಷೆಯಾದ ನೆಟ್ ಪಾಸಾಗಿ ಅಧ್ಯಾಪಕನಾಗಬೇಕು, ಎರಡೂ ಆಗದಿದ್ದರೆ ಬಿ.ಎಡ್. ಮಾಡಬೇಕು ಎಂಬುದು ಎಲ್ಲರ ಲೆಕ್ಕವಾಗಿತ್ತು. ಈಗ ಉತ್ತರ ಕರ್ನಾಟಕದ ಒಂದು ಜಿಲ್ಲೆಯ ಮಕ್ಕಳ ರಕ್ಷಣಾ ಘಟಕದಲ್ಲಿ ಸಮಾಜ ಕಾರ್ಯಕರ್ತನಾಗಿ ಮೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದಿದ್ದೇನೆ. ನಾನು ಸಲ್ಲಿಸಿದ ವರದಿಗಳನ್ನು ಹೊಸಬರಿಗೆ ಮಾದರಿಯಾಗಿ ತೋರಿಸುತ್ತಾರೆ. ಆದ್ದರಿಂದ, ಇದೇ ಪದವಿ ಪಡೆದು ಮುಂದೇನು ಎಂದು ಯೋಚಿಸುತ್ತಿರುವವರಿಗಾಗಿ ನಡೆದದ್ದನ್ನು ಬರೆಯುತ್ತಿದ್ದೇನೆ. ಮನುಷ್ಯ ಏಕೆ ಅಪರಾಧ ಮಾಡುತ್ತಾನೆ ಎಂಬ ಬಗ್ಗೆ ಲೊಂಬ್ರೋಸೊನಿಂದ ಸದರ್‌ಲೆಂಡ್‌ವರೆಗಿನ ವಿದ್ವಾಂಸರ ಸಿದ್ಧಾಂತಗಳು ನಿಮಗೆ ಗೊತ್ತಿರುವುದರಿಂದ ಅವುಗಳ ಗೊಡವೆಗೆ ಹೋಗುವುದಿಲ್ಲ.

ನಾನು ಬಿ.ಎ. ಮುಗಿಸಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಅಪರಾಧಶಾಸ್ತ್ರ ಮತ್ತು ವಿಧಿವಿಜ್ಞಾನ ವಿಭಾಗ ಸೇರಿದವನು. ವಿಭಾಗದ ಹೆಸರಿನಲ್ಲಿ ವಿಧಿವಿಜ್ಞಾನವಿದ್ದರೂ, ಪಿಯುಸಿಯಿಂದ ಕಲಾ ವಿಭಾಗದಲ್ಲಿ ಓದಿದವರಿಗೆ ವಿಧಿವಿಜ್ಞಾನ ಪ್ರಯೋಗಾಲಯದ ವೈಜ್ಞಾನಿಕ ಹುದ್ದೆಗಳು ದೊರೆಯುವುದಿಲ್ಲ. ಅಲ್ಲಿ ವಿಜ್ಞಾನದ ಪದವಿಯನ್ನೇ ಕೇಳುತ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಮು, ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕೆಂದು ಹೇಳುತ್ತದೆ ಮತ್ತು ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷಗಳವರೆಗೆ ಅವಕಾಶ ಕೊಡುತ್ತದೆ. ಧಾರವಾಡಕ್ಕೇ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಕೂಡ ಬಂದಿದೆ. ಇವೆಲ್ಲ ಬಿ.ಎಸ್ಸಿ. ಮಾಡಿದವರಿಗೆ ಒಳ್ಳೆಯ ಸುದ್ದಿ. ಬಿ.ಎ. ಮಾಡಿದವರು ಈ ಸುದ್ದಿಯನ್ನು ನಂಬಿ ಪ್ರವೇಶ ಪಡೆಯಬಾರದು.

ಖರ್ಚಿನ ಲೆಕ್ಕವನ್ನು ನೆನಪಿನಿಂದ ಹೇಳುತ್ತೇನೆ. ವಿಶ್ವವಿದ್ಯಾಲಯದ ಶುಲ್ಕ ವರ್ಷಕ್ಕೆ ಹತ್ತು ಹನ್ನೆರಡು ಸಾವಿರ ರೂಪಾಯಿಯಷ್ಟಿತ್ತು. ಸ್ಕಾಲರ್‌ಶಿಪ್ ತಡವಾಗಿ ಬಂದರೂ ಅದರ ಹೆಚ್ಚಿನ ಭಾಗವನ್ನು ತುಂಬಿಕೊಟ್ಟಿತು. ಬಿಸಿಎಂ ಹಾಸ್ಟೆಲ್ ಸಿಕ್ಕಿದ್ದರಿಂದ ಊಟ, ವಸತಿಯ ಚಿಂತೆ ಇರಲಿಲ್ಲ. ಕೈಸುಟ್ಟದ್ದು ಪದವಿಯ ನಂತರ. ಆರು ತಿಂಗಳ ಆನ್‌ಲೈನ್ ವಿಧಿವಿಜ್ಞಾನ ಸರ್ಟಿಫಿಕೇಟ್ ಕೋರ್ಸ್ ಮಾಡಿದರೆ ಕೆಲಸ ಖಾತ್ರಿ ಎಂದು ಹೇಳಿದ ಖಾಸಗಿ ಸಂಸ್ಥೆಯೊಂದು ನನ್ನಿಂದ ಸುಮಾರು ಹದಿನೆಂಟು ಸಾವಿರ ರೂಪಾಯಿ ಪಡೆಯಿತು. ಬೆರಳಚ್ಚು ಮತ್ತು ಕೈಬರಹದ ಮೇಲೆ ಧ್ವನಿಮುದ್ರಿತ ಪಾಠಗಳು ಬಂದವು, ಬಣ್ಣದ ಪ್ರಮಾಣಪತ್ರವೂ ಬಂತು, ಆದರೆ ಆ ಪ್ರಮಾಣಪತ್ರವನ್ನು ಯಾವ ಸಂದರ್ಶನದಲ್ಲಿಯೂ ಯಾರೂ ಕೈಗೆತ್ತಿಕೊಂಡು ನೋಡಲಿಲ್ಲ. ಅಷ್ಟು ಹಣದಲ್ಲಿ ಹಳೆಯ ದ್ವಿಚಕ್ರ ವಾಹನವೊಂದನ್ನು ಕೊಳ್ಳಬಹುದಿತ್ತು. ನಮ್ಮ ಕೆಲಸದಲ್ಲಿ ಪ್ರಮಾಣಪತ್ರಕ್ಕಿಂತ ಗಾಡಿಯೇ ಹೆಚ್ಚು ಬೇಕು.

ನೆಟ್ ಪರೀಕ್ಷೆಯಲ್ಲಿ ನಮ್ಮ ವಿಷಯದ ಸಂಕೇತ ಸಂಖ್ಯೆ 68. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲದ ಕಾರಣ ಧೈರ್ಯವಾಗಿ ಬರೆಯಬಹುದು, ನಾನು ಅರ್ಹತೆಯನ್ನೂ ಪಡೆದೆ. ಆದರೆ ಸಂಶೋಧನೆಗೆ ಸಿಗುವ ಫೆಲೋಶಿಪ್ ಕೆಲವೇ ಅಂಕಗಳಿಂದ ತಪ್ಪಿತು. ಅಪರಾಧಶಾಸ್ತ್ರ ಕಲಿಸುವ ವಿಭಾಗಗಳು ರಾಜ್ಯದಲ್ಲಿ ಬೆರಳೆಣಿಕೆಯಷ್ಟಿರುವಾಗ ಬರಿಯ ಅರ್ಹತೆಯಿಂದ ಅನ್ನ ಹುಟ್ಟುವುದಿಲ್ಲ. ಆಮೇಲೆ ಬೆಂಗಳೂರಿನಲ್ಲಿ ನೌಕರರ ಹಿನ್ನೆಲೆ ಪರಿಶೀಲಿಸುವ ಕಂಪನಿಯೊಂದರಲ್ಲಿ ಹದಿನಾರು ಸಾವಿರದ ಆಸುಪಾಸಿನ ಸಂಬಳಕ್ಕೆ ಕೆಲವು ತಿಂಗಳು ದುಡಿದೆ. ಗೆಳೆಯರು ಅದನ್ನು ಕೀಳಾಗಿ ಕಂಡರು. ಆದರೆ ಅರೆಬರೆ ವಿಳಾಸ ಹಿಡಿದು ಮನೆ ಹುಡುಕುವುದು, ನೆರೆಯವರನ್ನು ಹೆದರಿಸದೆ ಮಾತನಾಡಿಸುವುದು, ಕೇಳಿದ್ದನ್ನು ಅದೇ ಸಂಜೆ ಬರೆದಿಡುವುದು, ಈ ಮೂರನ್ನೂ ನಾನು ಕಲಿತದ್ದು ಅಲ್ಲಿಯೇ. ಯಾವ ಪಠ್ಯಕ್ರಮದಲ್ಲಿಯೂ ಇವು ಇರಲಿಲ್ಲ.

ಇನ್ನು ವಿಧಾನದ ವಿಷಯಕ್ಕೆ ಬರುತ್ತೇನೆ. ಎಂ.ಎ. ಪ್ರಬಂಧಕ್ಕಾಗಿ ನಾನು ಮೊದಲು ಜೈಲಿನ ಕೈದಿಗಳನ್ನು ಸಂದರ್ಶಿಸಲು ಅನುಮತಿ ಕೇಳಿದ್ದೆ. ಅರ್ಜಿ ಹೋಯಿತು, ನೆನಪೋಲೆ ಹೋಯಿತು, ಸೆಮಿಸ್ಟರ್ ಅರ್ಧ ಮುಗಿದರೂ ಉತ್ತರ ಬರಲಿಲ್ಲ. ಅನುಮತಿಯ ಅಗತ್ಯವೇ ಇಲ್ಲದ ಸಾಮಗ್ರಿ ಯಾವುದಿದೆ ಎಂದು ಹುಡುಕಿದಾಗ ಕಂಡದ್ದು ನ್ಯಾಯಾಲಯಗಳ ಇ-ಕೋರ್ಟ್ಸ್ ಜಾಲತಾಣದ ತೀರ್ಪುಗಳು. 1958ರ ಅಪರಾಧಿಗಳ ಪರಿವೀಕ್ಷಣಾ ಅಧಿನಿಯಮದ 6ನೇ ಕಲಮಿನ ಪ್ರಕಾರ, ಜೀವಾವಧಿ ಶಿಕ್ಷೆಗೆ ಗುರಿಪಡಿಸಲಾಗದ ಅಪರಾಧದಲ್ಲಿ ಇಪ್ಪತ್ತೊಂದು ವರ್ಷ ತುಂಬದ ಅಪರಾಧಿಯನ್ನು ಜೈಲಿಗೆ ಕಳುಹಿಸುವ ಮುನ್ನ ನ್ಯಾಯಾಲಯವು ಪರಿವೀಕ್ಷಣಾಧಿಕಾರಿಯ (ಪ್ರೊಬೇಷನ್ ಅಧಿಕಾರಿ) ವರದಿಯನ್ನು ತರಿಸಿಕೊಳ್ಳಬೇಕು. ನಾನು ಎರಡು ಜಿಲ್ಲೆಗಳ ಮ್ಯಾಜಿಸ್ಟ್ರೇಟ್ ನ್ಯಾಯಾಲಯಗಳ ನೂರಕ್ಕೂ ಹೆಚ್ಚು ತೀರ್ಪುಗಳನ್ನು ಓದಿ, ಶಿಕ್ಷೆಯ ಪ್ರಮಾಣದ ಬಗ್ಗೆ ಆದೇಶಿಸುವ ಕೊನೆಯ ಎರಡು ಪುಟಗಳಲ್ಲಿ ಈ ವರದಿಯ ಪ್ರಸ್ತಾಪ ಇದೆಯೇ, ಇದ್ದರೆ ವರದಿಯ ಯಾವ ಅಂಶವನ್ನು ನ್ಯಾಯಾಧೀಶರು ಎತ್ತಿಕೊಂಡಿದ್ದಾರೆ ಎಂದು ಗುರುತು ಹಾಕುತ್ತ ಹೋದೆ. ಪ್ರಸ್ತಾಪ ಇದ್ದಲ್ಲೆಲ್ಲ ಅವರು ಎತ್ತಿಕೊಂಡದ್ದು ನಿರ್ದಿಷ್ಟ ಸಂಗತಿಗಳನ್ನು: ಯಾರ ಜವಾಬ್ದಾರಿಯಲ್ಲಿ ಇರುತ್ತಾನೆ, ಎಲ್ಲಿ ದುಡಿಯುತ್ತಾನೆ, ದುಡಿಸಿಕೊಳ್ಳುವವರು ಮತ್ತೆ ಸೇರಿಸಿಕೊಳ್ಳುತ್ತಾರೆಯೇ. 'ಬಡತನದಿಂದ ಅಪರಾಧ ಎಸಗಿದ್ದಾನೆ' ಎಂಬಂತಹ ವಾಕ್ಯವನ್ನು ಯಾರೂ ಆಧಾರವಾಗಿ ಬಳಸಿರಲಿಲ್ಲ. ನನ್ನ ಇಡೀ ಕಸುಬು ನಿಂತಿರುವುದು ಈ ಒಂದು ಗಮನಿಕೆಯ ಮೇಲೆ.

ಮಕ್ಕಳ ಪ್ರಕರಣಗಳಲ್ಲಿಯೂ ಇಂತಹ ವರದಿ ಇದೆ. 2015ರ ಬಾಲನ್ಯಾಯ ಅಧಿನಿಯಮದ 8ನೇ ಕಲಮಿನಂತೆ, ಆರೋಪವಿರುವ ಮಗುವನ್ನು ಮೊದಲು ಹಾಜರುಪಡಿಸಿದ ಹದಿನೈದು ದಿನಗಳೊಳಗೆ ಬಾಲನ್ಯಾಯ ಮಂಡಳಿಗೆ ಸಾಮಾಜಿಕ ತನಿಖಾ ವರದಿ ಸಲ್ಲಬೇಕು. ಪರಿವೀಕ್ಷಣಾಧಿಕಾರಿ ಲಭ್ಯವಿಲ್ಲದಿದ್ದರೆ ಮಕ್ಕಳ ಕಲ್ಯಾಣಾಧಿಕಾರಿ ಅಥವಾ ಸಮಾಜ ಕಾರ್ಯಕರ್ತ ಅದನ್ನು ಸಿದ್ಧಪಡಿಸಬಹುದು. ಕಲಮಿನ ಈ ಕೊನೆಯ ಮಾತನ್ನು ನಮ್ಮಲ್ಲಿ ಹೆಚ್ಚಿನವರು ಓದಿಯೂ ಗಮನಿಸುವುದಿಲ್ಲ. ನಾನು ಸ್ವಯಂಸೇವಾ ಸಂಸ್ಥೆಯೊಂದರಲ್ಲಿ ಬಸ್ ಖರ್ಚು ಮಾತ್ರ ಪಡೆದು ಒಂದು ವರ್ಷದಷ್ಟು ಕಾಲ ಈ ವರದಿಯ ಫಾರ್ಮ್ ಆದ ನಮೂನೆ 6 ತುಂಬುವ ಕೆಲಸಕ್ಕೆ ನಿಂತೆ. ಊರಿನಲ್ಲಿ ನಮ್ಮ ಚಿಕ್ಕಪ್ಪ, 'ಎಂ.ಎ. ಓದಿ ಪುಕ್ಕಟೆ ಫಾರ್ಮ್ ತುಂಬಾಕ ಹೊಂಟೀಯೇನೋ' ಎಂದು ಎಲ್ಲರೆದುರು ಕೇಳಿದ್ದರು.

ನಾನು ತುಂಬುವ ರೀತಿಯನ್ನು ಒಂದು ಪ್ರಕರಣದ ಮೂಲಕ ಹೇಳುತ್ತೇನೆ. ಅದೇ ಅಧಿನಿಯಮದ 74ನೇ ಕಲಮು ಮಗುವಿನ ಗುರುತು ಬಹಿರಂಗವಾಗಬಾರದೆಂದು ಹೇಳುವುದರಿಂದ ವಿವರಗಳನ್ನು ಬದಲಿಸಿದ್ದೇನೆ. ಹದಿನಾರು ವರ್ಷದ ಹುಡುಗ, ಬೈಕ್ ಕಳವಿನ ಆರೋಪ. ಶಾಲೆ ಬಿಟ್ಟ ಕಾರಣ ಎಂಬ ಅಂಕಣದಲ್ಲಿ ಮೊದಲ ವಿಚಾರಣೆಯ ಉತ್ತರ 'ಓದಿನಲ್ಲಿ ಆಸಕ್ತಿ ಇಲ್ಲ' ಎಂದಿತ್ತು. ನಾನು ಶಾಲೆಗೆ ಹೋಗಿ ಹಾಜರಿ ಪುಸ್ತಕ ತೆಗೆಸಿ ನೋಡಿದೆ. ದಸರಾ ರಜೆಯವರೆಗೆ ಹಾಜರಿ ಸರಿಯಾಗಿತ್ತು. ನವೆಂಬರಿನಿಂದ ಮಂಗಳವಾರ ಮತ್ತು ಶನಿವಾರ ಮಾತ್ರ ಗೈರು, ಜನವರಿಯ ಹೊತ್ತಿಗೆ ಪೂರ್ತಿ ಗೈರು. ಮಂಗಳವಾರ, ಶನಿವಾರ ಆ ಊರಿನ ಎಪಿಎಂಸಿಗೆ ಉಳ್ಳಾಗಡ್ಡಿ ಬರುವ ದಿನಗಳು. ಅಲ್ಲಿನ ಹಮಾಲರನ್ನು ಮಾತನಾಡಿಸಿದಾಗ, ಹುಡುಗ ಚೀಲ ಇಳಿಸಲು ಬರುತ್ತಿದ್ದನೆಂದೂ ಲಾರಿಯ ಜೊತೆ ಬರುವ ಇಬ್ಬರು ದೊಡ್ಡವರು ಅವನಿಗೆ ಬೈಕ್ ಓಡಿಸಲು ಕೊಡುತ್ತಿದ್ದರೆಂದೂ ತಿಳಿಯಿತು. ಅವನ ಅಜ್ಜಿ ಬಾಗಿಲಲ್ಲೇ ನಿಂತು, 'ನೀವು ಪೊಲೀಸ್ನೋರೇನ್ರಿ?' ಎಂದು ಕೇಳಿದರು. ಅಲ್ಲವೆಂದು ತಿಳಿದ ಮೇಲೆ ಸೋದರಮಾವನ ಮನೆ ಬೇರೆ ಊರಿನಲ್ಲಿದೆ, ಅಲ್ಲಿ ಇರಿಸಿಕೊಳ್ಳಲು ಆತ ಒಪ್ಪಿದ್ದಾನೆ ಎಂದರು. ನಾನು ಆ ಮಾವನ ಹೇಳಿಕೆ ಪಡೆದು, ಆ ಊರಿನ ಪ್ರೌಢಶಾಲೆಯ ಮುಖ್ಯೋಪಾಧ್ಯಾಯರ ಒಪ್ಪಿಗೆ ಪತ್ರವನ್ನೂ ಲಗತ್ತಿಸಿದೆ. ಮಂಡಳಿಯು ಹುಡುಗನನ್ನು ಸನ್ನಡತೆಯ ಮೇಲೆ ಮಾವನ ಪೋಷಣೆಗೆ ಒಪ್ಪಿಸಿತು. ಆ ಆದೇಶದಲ್ಲಿ ಮಂಗಳವಾರ, ಶನಿವಾರದ ವಿಷಯ ಎರಡು ಕಡೆ ಬಂದಿದೆ.

ನನ್ನ ವರದಿಗಳಲ್ಲಿ 'ಬಡತನ', 'ಕೆಟ್ಟ ಸಹವಾಸ' ಎಂಬ ಪದಗಳು ಇರುವುದಿಲ್ಲ. ಅದರ ಬದಲು ಸಂಜೆ ನಾಲ್ಕರಿಂದ ರಾತ್ರಿ ಒಂಬತ್ತರವರೆಗೆ ಮನೆಯಲ್ಲಿ ಯಾರಿರುತ್ತಾರೆ, ಮಗು ಎಲ್ಲಿರುತ್ತದೆ ಎಂಬುದನ್ನು ವಾರದ ಏಳು ದಿನಗಳಿಗೂ ಬರೆಯುತ್ತೇನೆ. ಮೊದಲ ಭೇಟಿಗೆ ಊರಿನ ಸಂತೆಯ ದಿನ ಹೋಗುವುದಿಲ್ಲ, ಕಾನ್‌ಸ್ಟೆಬಲ್ ಜೊತೆ ಹೋಗುವುದಿಲ್ಲ, ಕೈಯಲ್ಲಿ ಫೈಲು ಹಿಡಿದು ಹೋಗುವುದಿಲ್ಲ. ತಾಯಿಯನ್ನು ಮಾತಿಗೆ ಎಳೆಯಲು ನಾನು ಕೇಳುವ ಮೊದಲ ಪ್ರಶ್ನೆ ಒಂದಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಎಲ್ಲರೂ ಅದನ್ನೇ ಕೇಳತೊಡಗಿದರೆ ಅದು ಫಾರ್ಮಿನ ಇನ್ನೊಂದು ಅಂಕಣವಾಗಿಬಿಡುತ್ತದೆ. ಶಿಫಾರಸಿನ ಪ್ಯಾರಾವನ್ನು ಯಾವ ಕ್ರಮದಲ್ಲಿ ಬರೆಯುತ್ತೇನೆ ಎಂಬುದನ್ನೂ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ (ಎನ್‌ಸಿಆರ್‌ಬಿ) ಕೊಡುವ ಅಂಕಿಅಂಶಗಳಲ್ಲಿ ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೂ ಅತ್ಯಂತ ಗಂಭೀರವಾದದ್ದನ್ನು ಮಾತ್ರ ಎಣಿಸುವುದರಿಂದ, ಕಳವಿನ ನಿಜವಾದ ಚಿತ್ರ ಬೇಕೆಂದರೆ ಎಫ್‌ಐಆರ್‌ಗಳಿಗೇ ಹೋಗಬೇಕು. ಸುಪ್ರೀಂ ಕೋರ್ಟಿನ 2016ರ ಆದೇಶದ ನಂತರ ಸೂಕ್ಷ್ಮ ಪ್ರಕರಣಗಳನ್ನು ಬಿಟ್ಟು ಉಳಿದವು ಪೊಲೀಸ್ ತಾಣದಲ್ಲಿ ಸಿಗುತ್ತವೆ. ಎರಡು ಠಾಣೆಗಳ ಬೈಕ್ ಕಳವಿನ ಎಫ್‌ಐಆರ್‌ಗಳನ್ನು ತೆಗೆದು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ನಕ್ಷೆ ಮಾಡಿದೆ. ಸ್ಥಳಗಳು ಚೆನ್ನಾಗಿ ಮೂಡಿದವು, ಆದರೆ ಕಾಲ ಕೈಕೊಟ್ಟಿತು: 'ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ನಡುವೆ' ಎಂದೇ ಹೆಚ್ಚಿನ ದೂರುಗಳಿದ್ದರೆ ಯಾವ ಗಂಟೆಗೆ ಗಸ್ತು ಬೇಕೆಂದು ನಕ್ಷೆ ಹೇಳಲಾರದು. ಆಸ್ಪತ್ರೆ ಮತ್ತು ಬಸ್ ನಿಲ್ದಾಣದ ಹಗಲಿನ ಕಳವುಗಳನ್ನಷ್ಟೇ ಬೇರ್ಪಡಿಸಿದಾಗ ಸ್ವಲ್ಪ ಅರ್ಥ ಹೊರಟಿತು. ಇದನ್ನು ಇನ್ನೂ ಬೆಳೆಸುವ ಆಸೆ ನನಗಿದೆ.

ಕೆಲಸ ಸಿಕ್ಕ ಬಗೆಗೆ ಬರುತ್ತೇನೆ, ಏಕೆಂದರೆ ನಿಮ್ಮಲ್ಲಿ ಹಲವರು ಸಿಕ್ಕಿಬೀಳುವುದು ಇಲ್ಲಿಯೇ. ಸಮಾಜ ಕಾರ್ಯಕರ್ತನ ಹುದ್ದೆಯ ಪ್ರಕಟಣೆಯಲ್ಲಿ ಸಮಾಜಕಾರ್ಯ, ಸಮಾಜಶಾಸ್ತ್ರ ಅಥವಾ ಸಮಾಜ ವಿಜ್ಞಾನ ಎಂದಿರುತ್ತದೆ. ಮೊದಲು ಅರ್ಜಿ ಹಾಕಿದ ಕಚೇರಿಯೊಂದರಲ್ಲಿ ದಾಖಲೆ ಪರಿಶೀಲಿಸಿದವರು 'ನಿಮ್ಮದು ಪೊಲೀಸರ ವಿಷಯ, ಇಲ್ಲಿಗೆ ಸಲ್ಲದು' ಎಂದು ನನ್ನ ಹೆಸರನ್ನು ಕೈಬಿಟ್ಟರು. ಮುಂದಿನ ಸಲ ನಾನು ವಿಭಾಗದ ಅಧ್ಯಕ್ಷರಿಂದ ಒಂದು ಪ್ರಮಾಣಪತ್ರ ಮಾಡಿಸಿಕೊಂಡು ಹೋದೆ. ಅದರಲ್ಲಿ ಈ ಪದವಿ ಸಮಾಜ ವಿಜ್ಞಾನ ನಿಕಾಯಕ್ಕೆ ಸೇರಿದ್ದೆಂದೂ, ಬಾಲಾಪರಾಧ, ಸಂತ್ರಸ್ತಶಾಸ್ತ್ರ, ದಂಡಶಾಸ್ತ್ರ, ಸಂಶೋಧನಾ ವಿಧಾನ ಎಂಬ ಪತ್ರಿಕೆಗಳನ್ನು ನಾನು ಓದಿದ್ದೇನೆಂದೂ, ಕ್ಷೇತ್ರಕಾರ್ಯ ಪೂರೈಸಿದ್ದೇನೆಂದೂ ಇತ್ತು. ಜೊತೆಗೆ ಪಠ್ಯಕ್ರಮದ ಪುಟಗಳನ್ನು ಮೊಹರು ಹಾಕಿಸಿ ಲಗತ್ತಿಸಿದ್ದೆ ಮತ್ತು ಹೆಸರುಗಳನ್ನು ಅಳಿಸಿದ ನನ್ನ ವರದಿಯೊಂದರ ಪ್ರತಿಯನ್ನು ಮೇಜಿನ ಮೇಲಿಟ್ಟೆ. ಸಮಿತಿಯವರು ಪ್ರಶ್ನೆ ಕೇಳುವುದನ್ನು ನಿಲ್ಲಿಸಿ ವರದಿಯನ್ನು ಓದತೊಡಗಿದರು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಮಾಡಿದ ಹಲವರ ನಡುವೆ ಆಯ್ಕೆಯಾದದ್ದು ನಾನು.

ಗೌರವಧನ ತಿಂಗಳಿಗೆ ಹದಿನೆಂಟು ಸಾವಿರಕ್ಕಿಂತ ಸ್ವಲ್ಪ ಹೆಚ್ಚು. ಗುತ್ತಿಗೆ ವರ್ಷ ವರ್ಷಕ್ಕೆ ನವೀಕರಣವಾಗಬೇಕು, ಅನುದಾನ ತಡವಾದಾಗ ಎರಡು ಮೂರು ತಿಂಗಳ ಹಣ ಒಟ್ಟಿಗೇ ಬರುತ್ತದೆ. ಆದ್ದರಿಂದ ಮೂರು ತಿಂಗಳ ಖರ್ಚನ್ನು ಕೈಯಲ್ಲಿಟ್ಟುಕೊಂಡೇ ಈ ಕೆಲಸಕ್ಕೆ ಸೇರಬೇಕು. ನಾನು ಈಗ ಎಲ್‌ಎಲ್‌.ಬಿ. ಓದುತ್ತಿದ್ದೇನೆ; ಘಟಕದ ಕಾನೂನು ಮತ್ತು ಪರಿವೀಕ್ಷಣಾ ಅಧಿಕಾರಿಯ ಹುದ್ದೆಗೆ ಕಾನೂನು ಪದವಿ ಬೇಕು, ಅದರ ಗೌರವಧನ ಇಪ್ಪತ್ತೇಳು ಇಪ್ಪತ್ತೆಂಟು ಸಾವಿರದಷ್ಟಿದೆ. ಈ ವರ್ಷ ಎಂ.ಎ. ಮುಗಿಸುವವರು ವಿಭಾಗ ಬಿಡುವ ಮುನ್ನವೇ ಮೇಲೆ ಹೇಳಿದ ಪ್ರಮಾಣಪತ್ರವನ್ನು ಮಾಡಿಸಿಕೊಳ್ಳಿ. ಆಮೇಲೆ ಅಧ್ಯಕ್ಷರು ಬದಲಾಗುತ್ತಾರೆ, ಪಠ್ಯಕ್ರಮ ಪರಿಷ್ಕರಣೆಯಾಗುತ್ತದೆ, ಹಳೆಯ ಪುಟಗಳಿಗೆ ಮೊಹರು ಹಾಕಿಸಲು ವಾರಗಟ್ಟಲೆ ಅಲೆಯಬೇಕಾಗುತ್ತದೆ.