ಕಾಡಿನ ಹೆದ್ದಾರಿಯನ್ನು ಗೋಡೆಗೆ ಹಾಕುವ ಮುಂಚೆ

ಕಾಡಿನ ಹೆದ್ದಾರಿಯ ಫೋಟೋ ಇರುವ ದೊಡ್ಡ ಬಟ್ಟೆ, ಅಂದರೆ ಗೋಡೆಗೆ ತೂಗುಹಾಕುವ ಟೇಪೆಸ್ಟ್ರಿ, ಮನೆಗೆ ಬಂದಿದೆ. ಎರಡೂ ಕಡೆ ಎತ್ತರದ ಮರಗಳು, ನಡುವೆ ಕಪ್ಪು ರಸ್ತೆ, ದೂರದಲ್ಲಿ ಒಂದಿಷ್ಟು ಮಂಜು. ಕವರ್ ಬಿಚ್ಚಿದ ಕೂಡಲೇ ಗೋಡೆಗೆ ಹಾಕಿಬಿಡೋಣ ಅನ್ನಿಸುತ್ತೆ, ಅಲ್ವಾ? ಸ್ವಲ್ಪ ತಡೆಯಿರಿ. ಮೊಳೆ, ಸುತ್ತಿಗೆ ಆಮೇಲೆ ತನ್ನಿ. ಮೊದಲು ಬಟ್ಟೆಯನ್ನು ಮಂಚದ ಮೇಲೆ ಹರಡಿ. ರಸ್ತೆಯ ಎರಡು ಅಂಚಿನ ಮೇಲೂ ಒಂದೊಂದು ಬೆರಳಿಟ್ಟು ದೂರಕ್ಕೆ ಸರಿಸುತ್ತಾ ಹೋಗಿ. ಎರಡೂ ಬೆರಳು ಒಂದು ಕಡೆ ಕೂಡುತ್ತವೆ. ಆ ಜಾಗದ ಹಿಂಬದಿಯಲ್ಲಿ ಬಣ್ಣದ ದಾರದಿಂದ ಒಂದೇ ಒಂದು ಸಣ್ಣ ಹೊಲಿಗೆ ಹಾಕಿ. ಮುಂಭಾಗಕ್ಕೆ ಕಾಣದ ಹಾಗೆ ಒಂದೆಳೆ ಹಿಡಿದರೆ ಸಾಕು.

ಆ ಹೊಲಿಗೆ ಯಾಕೆ ಅಂತ ಹೇಳುತ್ತೇನೆ. ಗೋಡೆಗೆ ಚಿತ್ರ ಹಾಕುವಾಗ ಎಲ್ಲರೂ ಹೇಳುವ ಅಳತೆ ಒಂದಿದೆ. ಚಿತ್ರದ ನಡುಭಾಗ ನೆಲದಿಂದ ಸುಮಾರು 145 ಸೆಂ.ಮೀ. ಎತ್ತರಕ್ಕೆ ಬರಬೇಕು ಅನ್ನುತ್ತಾರೆ. ಹೂವಿನ ಚಿತ್ರಕ್ಕೆ, ಮುಖದ ಚಿತ್ರಕ್ಕೆ ಅದು ಸರಿ. ರಸ್ತೆಯ ಚಿತ್ರಕ್ಕೆ ಅಲ್ಲ. ಸಮತಟ್ಟಾದ ದಾರಿಯಲ್ಲಿ ನಿಂತು ನೋಡಿ. ದಾರಿ ಹೋಗಿ ಸೇರುವ ಆ ಕೊನೆ ಯಾವಾಗಲೂ ನಿಮ್ಮ ಕಣ್ಣಿನ ಮಟ್ಟಕ್ಕೇ ಇರುತ್ತೆ. ಕೂತರೆ ಅದೂ ಇಳಿಯುತ್ತೆ, ಎದ್ದರೆ ಅದೂ ಏರುತ್ತೆ. ಚಿತ್ರಗಾರರು ಇದನ್ನು ಅರಿತು ಎಷ್ಟೋ ಕಾಲವಾಯಿತು. ಇಟಲಿಯ ವಿದ್ವಾಂಸ ಆಲ್ಬರ್ಟಿ 1435ರಲ್ಲೇ ಇದರ ಲೆಕ್ಕ ಬರೆದಿಟ್ಟಿದ್ದ. ಗೋಡೆಯ ಮೇಲಿನ ರಸ್ತೆಗೂ ಇದೇ ನಿಯಮ. ರಸ್ತೆ ಕೂಡುವ ಬಿಂದು ನೋಡುವವರ ಕಣ್ಣಿನ ಎತ್ತರಕ್ಕೆ ಬಂದರೆ ಗೋಡೆ ತೆರೆದುಕೊಳ್ಳುತ್ತೆ. ಬರದಿದ್ದರೆ ಅದು ಗೋಡೆಗೆ ಹೊದಿಸಿದ ಬಟ್ಟೆ, ಅಷ್ಟೇ.

ಇದನ್ನು ನನಗೆ ಕಲಿಸಿದ್ದು ನಮ್ಮ ಅತ್ತೆ. ಅವರು ಹಾಸಿಗೆ ಹಿಡಿದಿದ್ದ ದಿನಗಳಲ್ಲಿ ಎದುರಿನ ಬೋಳು ಗೋಡೆಗೆ ಇಂಥದ್ದೇ ಒಂದು ಬಟ್ಟೆ ಹಾಕಿದೆ. ನಿಂತು ನೋಡಿದಾಗ ಚೆನ್ನಾಗಿಯೇ ಇತ್ತು. ಎರಡು ದಿನ ಬಿಟ್ಟು ಅತ್ತೆ ಕೇಳಿದರು, "ಈ ರಸ್ತೆ ಯಾಕಮ್ಮ ಇಷ್ಟು ಏರಿ ಹೋಗುತ್ತೆ? ನೋಡ್ತಾ ನೋಡ್ತಾ ಸುಸ್ತಾಗುತ್ತೆ." ನನಗೆ ಅರ್ಥವಾಗಲಿಲ್ಲ. ಅವರ ದಿಂಬಿನ ಪಕ್ಕ ತಲೆ ಇಟ್ಟು ನೋಡಿದೆ. ನಿಜ! ಅಲ್ಲಿಂದ ರಸ್ತೆ ಗುಡ್ಡ ಹತ್ತುವ ಹಾಗೆ ಕಾಣುತ್ತಿತ್ತು. ಅವತ್ತೇ ಬಟ್ಟೆಯನ್ನು ಒಂದು ಮೊಳಕ್ಕಿಂತ ಜಾಸ್ತಿ ಕೆಳಗಿಳಿಸಿದೆ. ನಿಂತವರಿಗೆ ಅದು ತೀರಾ ತಗ್ಗಾಗಿ ಕಾಣುತ್ತಿತ್ತು. ಬಂದವರು ಕೇಳುತ್ತಲೂ ಇದ್ದರು. ಇರಲಿ ಬಿಡಿ, ಅದು ಬಂದವರಿಗಾಗಿ ಹಾಕಿದ್ದಲ್ಲ.

ಹಾಗಾಗಿ ಮೊದಲ ಪ್ರಶ್ನೆ, ಇದನ್ನು ನೋಡುವವರು ಯಾರು, ಎಲ್ಲಿಂದ ನೋಡುತ್ತಾರೆ? ಓಡಾಡುವ ಜಾಗವಾದರೆ ನಿಂತವರ ಕಣ್ಣು, ಸುಮಾರು 150 ಸೆಂ.ಮೀ. ಕೂರುವ ಕೋಣೆಯಾದರೆ 110ರಿಂದ 120 ಸೆಂ.ಮೀ. ಮಲಗಿ ನೋಡುವುದಾದರೆ ಇನ್ನೂ ಕಡಿಮೆ. ಪುಸ್ತಕದ ಅಳತೆ ನಂಬಬೇಡಿ. ದಿನಾ ಕೂರುವ ಕುರ್ಚಿಯಲ್ಲಿ ಕೂತುಕೊಳ್ಳಿ. ನಿಮ್ಮ ಕಣ್ಣಿನ ನೇರಕ್ಕೆ ಎದುರು ಗೋಡೆಯಲ್ಲಿ ಯಾರಾದರೂ ಪೆನ್ಸಿಲ್ಲಿನಿಂದ ಗುರುತು ಹಾಕಲಿ. ಹಿಂಬದಿಯ ಹೊಲಿಗೆ ಆ ಗುರುತಿನ ಮೇಲೆ ಬರಬೇಕು. ಮೇಲಂಚು ಎಲ್ಲಿಗೆ ಬಂತು, ಕೆಳಂಚು ಎಲ್ಲಿಗೆ ಬಂತು ಅಂತ ಚಿಂತೆ ಬೇಡ. ಕೆಳಂಚು ನೆಲದ ಹತ್ತಿರ ಬಂದರೆ ಇನ್ನೂ ಒಳ್ಳೆಯದು. ರಸ್ತೆ ನಿಮ್ಮ ಕೋಣೆಯ ನೆಲದಿಂದಲೇ ಹೊರಟ ಹಾಗೆ ಕಾಣುತ್ತೆ. ನೆಲ ಒರೆಸುವ ನೀರು ತಾಗದಂತೆ ಒಂದು ಗೇಣು ಬಿಟ್ಟರೆ ಸಾಕು. ಸೋಫಾದ ಹಿಂದಿನ ಗೋಡೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಕೂತವರಿಗೆ ಬೆನ್ನ ಹಿಂದೆ ಬರುತ್ತೆ, ರಸ್ತೆಯ ಬುಡವೂ ಮುಚ್ಚಿಹೋಗುತ್ತೆ.

ಎತ್ತರದಷ್ಟೇ ದೂರವೂ ಮುಖ್ಯ. ಫೋನಿನಲ್ಲಿ ತೆಗೆದಂಥ ಅಗಲ ನೋಟದ ಫೋಟೋದಲ್ಲಿ ಕಾಲ ಬುಡದ ಡಾಂಬರು ದೊಡ್ಡದಾಗಿ, ದೂರದ ಮರ ಪುಟ್ಟದಾಗಿ ಇರುತ್ತೆ. ಅದು 150 ಸೆಂ.ಮೀ. ಅಗಲದ ಬಟ್ಟೆಯಾದರೆ ಸುಮಾರು ಒಂದು ಮೀಟರ್ ದೂರದಿಂದ ನೋಡಿದಾಗ ಆಳ ಸರಿಯಾಗಿ ಕಾಣುತ್ತೆ. ಹಿಂದೆ ಸರಿದಷ್ಟೂ ರಸ್ತೆ ಎಳೆದು ಉದ್ದ ಮಾಡಿದ ಹಾಗಾಗುತ್ತೆ. 50 ಮಿ.ಮೀ. ಲೆನ್ಸಿನ ಸಹಜ ನೋಟದ ಫೋಟೋಗೆ ಎರಡು ಮೀಟರ್ ಸರಿ. ದೂರದಿಂದ ಝೂಮ್ ಮಾಡಿ ತೆಗೆದ, ಮರಗಳು ಒತ್ತೊತ್ತಾಗಿ ನಿಂತ ಫೋಟೋ ಆದರೆ ಮೂರೂವರೆ, ನಾಲ್ಕು ಮೀಟರ್ ಬೇಕು. ಅಂದರೆ ಉದ್ದ ಕೋಣೆಗೆ ಒತ್ತಾದ ಕಾಡು, ಇಕ್ಕಟ್ಟಿನ ಜಾಗಕ್ಕೆ ಅಗಲದ ನೋಟ. ಇನ್ನೂ ಕೊಳ್ಳದಿದ್ದರೆ ಇಷ್ಟು ಅಳೆದುಕೊಂಡು ಆರಿಸಿ.

ಆರಿಸುವಾಗ ಇನ್ನೊಂದು ಮಾತು. ಉದ್ದ ಪಡಸಾಲೆಯ ಕೊನೆಯ ಗೋಡೆಗೆ ನೆಟ್ಟಗಿನ ರಸ್ತೆ ಚೆಂದ. ಪಡಸಾಲೆ ಅಲ್ಲಿಗೇ ನಿಲ್ಲದೆ ಮುಂದುವರಿದ ಹಾಗಿರುತ್ತೆ. ದಿನಾ ಗಂಟೆಗಟ್ಟಲೆ ಕೂರುವ ಕೋಣೆಗೆ ತಿರುವು ಇರುವ ರಸ್ತೆಯೇ ಇರಲಿ. ನೆಟ್ಟಗಿನ ರಸ್ತೆ ಕಣ್ಣನ್ನು ಎಳೆಯುತ್ತಲೇ ಇರುತ್ತೆ. ತಿರುವು ಕಣ್ಣಿಗೆ ನಿಲ್ಲಲು ಜಾಗ ಕೊಡುತ್ತೆ. ತಿರುವು ಕೋಣೆಯ ತೆರೆದ ಕಡೆಗೆ ಹೋಗಲಿ, ಮೂಲೆಗೆ ಹೋಗಿ ಗುದ್ದುವುದು ಬೇಡ. ದೂರದ ಮರಗಳು ಮಂಜಿನಲ್ಲಿ ಮಸುಕಾಗಿದ್ದರೆ ಚಿತ್ರಕ್ಕೆ ಆಳ ಜಾಸ್ತಿ. ಎಲ್ಲಾ ಮರವೂ ಒಂದೇ ಗಾಢ ಹಸಿರಾಗಿದ್ದರೆ ಎದುರಿಗೆ ಪರದೆ ಎಳೆದ ಹಾಗಾಗುತ್ತೆ. ರಸ್ತೆಯಲ್ಲಿ ವಾಹನ ಇರುವ ಚಿತ್ರವನ್ನು ನಾನು ತರುವುದಿಲ್ಲ. ಖಾಲಿ ರಸ್ತೆಯಲ್ಲಿ ಹೋಗುವುದು ನಾವು. ಕಾರು ಇದ್ದರೆ ಅದು ಬೇರೆ ಯಾರದೋ ಪ್ರಯಾಣ.

ನೀವೇ ತೆಗೆದ ಫೋಟೋವನ್ನು ಬಟ್ಟೆಗೆ ಹಾಕಿಸುವುದಾದರೆ ಮೂಲ ಫೈಲನ್ನೇ ಕೊಡಿ. ಫೋನಿನಿಂದ ಫೋನಿಗೆ ಕಳಿಸಿದ ಫೋಟೋ ಹೆಚ್ಚಾಗಿ ಕುಗ್ಗಿರುತ್ತೆ. 6000 ಪಿಕ್ಸೆಲ್ ಅಗಲದ ಫೋಟೋ, ಪಕ್ಕ ಕತ್ತರಿಸದೆ ಹಾಕಿದರೆ, 150 ಸೆಂ.ಮೀ. ಬಟ್ಟೆಗೆ ಇಂಚಿಗೆ ಸುಮಾರು 100 ಪಿಕ್ಸೆಲ್ ಕೊಡುತ್ತೆ. ಎರಡು ಮೀಟರ್ ದೂರಕ್ಕೆ ಧಾರಾಳವಾಯಿತು. ಹೆಚ್ಚಿನ ದೊಡ್ಡ ಕ್ಯಾಮೆರಾಗಳ ಫೋಟೋ 3ಕ್ಕೆ 2ರ ಆಕಾರ. 150ಕ್ಕೆ 130 ಸೆಂ.ಮೀ. ಬಟ್ಟೆ ಬಹುತೇಕ ಚೌಕ. ಹಾಗಾಗಿ ಪಕ್ಕದ ಮರಗಳು ಕತ್ತರಿಸಿ ಹೋಗುತ್ತವೆ. ಎಲ್ಲಿ ಕತ್ತರಿಸುತ್ತಾರೆ ಅಂತ ಮೊದಲೇ ನೋಡಿ ಒಪ್ಪಿಕೊಳ್ಳಿ.

ಇನ್ನು ಬಟ್ಟೆಯ ವಿಷಯ. ಇವುಗಳಲ್ಲಿ ಹೆಚ್ಚಿನವು ಪಾಲಿಯೆಸ್ಟರ್. ಟೇಪೆಸ್ಟ್ರಿ ಅಂದರೆ ನಿಜಕ್ಕೂ ನೇಯ್ದ ಚಿತ್ರ. ಹೆಸರು ಹಾಗಿದ್ದರೂ ಇವುಗಳಲ್ಲಿ ಚಿತ್ರವನ್ನು ನೇಯ್ದಿರುವುದಿಲ್ಲ, ಅಚ್ಚು ಹಾಕಿರುತ್ತಾರೆ. ಮೊದಲು ಚಿತ್ರವನ್ನು ಕಾಗದದ ಮೇಲೆ ಅಚ್ಚು ಮಾಡುತ್ತಾರೆ. ಆಮೇಲೆ ಅದನ್ನು ಬಟ್ಟೆಯ ಮೇಲಿಟ್ಟು 200 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಒತ್ತುತ್ತಾರೆ. ಬಣ್ಣ ಆವಿಯಾಗಿ ನೂಲಿನ ಒಳಗೇ ಹೋಗಿ ಕೂರುತ್ತೆ. ಅದಕ್ಕೇ ತೊಳೆದರೂ ಬಣ್ಣ ಬಿಡುವುದಿಲ್ಲ. ಒಂದೇ ಕಡೆಯಿಂದ ಒತ್ತುವುದರಿಂದ ಹಿಂಬದಿ ಬಿಳಿಚಿಕೊಂಡಿರುತ್ತೆ. ಹತ್ತಿ ಬಟ್ಟೆಗೆ ಈ ವಿಧಾನ ಹಿಡಿಯುವುದಿಲ್ಲ, ಅದಕ್ಕೆ ಬೇರೆ ಶಾಯಿ. ಹತ್ತಿಯಲ್ಲಿ ಹೊಳಪು ಕಡಿಮೆ, ದೀಪದ ಬೆಳಕು ಅದರ ಮೇಲೆ ಮಿಂಚುವುದಿಲ್ಲ. ಆದರೆ ಒಗೆದರೆ ಸ್ವಲ್ಪ ಕುಗ್ಗುತ್ತೆ. ಯಾವುದೇ ಆಗಲಿ, ಅಂಚನ್ನು ಮಡಿಚಿ ಹೊಲಿದಿದ್ದಾರಾ ನೋಡಿ. ಸುಮ್ನೆ ಕತ್ತರಿಸಿ ಬಿಟ್ಟ ಅಂಚು ಎಳೆ ಬಿಡುತ್ತೆ.

ಕವರಿನಿಂದ ತೆಗೆದಾಗ ಮಡಿಕೆಯ ಗೆರೆಗಳು ಗಟ್ಟಿಯಾಗಿ ಕೂತಿರುತ್ತವೆ. ರಸ್ತೆಯ ಮೇಲೆ ಅಡ್ಡಗೆರೆ ಇದ್ದರೆ ಚಿತ್ರದ ಆಳವೆಲ್ಲ ಹೋಯಿತು. ಇಲ್ಲಿ ಅವಸರ ಮಾಡಬೇಡಿ. ನಾನು ಒಮ್ಮೆ ಇಸ್ತ್ರಿಯನ್ನು ಹತ್ತಿ ಬಟ್ಟೆಯ ಬಿಸಿಗೆ ಇಟ್ಟು ಒತ್ತಿದೆ. ಗೆರೆ ಹೋಯಿತು. ಜೊತೆಗೆ ಕಾಡಿನ ಹಸಿರೂ ಒಂದು ಪಾಲು ಕೆಳಗೆ ಹಾಸಿದ್ದ ಬಿಳಿ ಬಟ್ಟೆಗೆ ಇಳಿಯಿತು. ಬಿಸಿಗೆ ಆವಿಯಾಗಿ ಒಳಗೆ ಹೋದ ಬಣ್ಣ ಬಿಸಿಗೇ ಆವಿಯಾಗಿ ಹೊರಗೂ ಬರುತ್ತೆ. ಅದು ಆಗ ಹೊಳೆಯಲಿಲ್ಲ. ಈಗ ಹೀಗೆ ಮಾಡುತ್ತೇನೆ. ಸ್ನಾನದ ಕೋಣೆಯಲ್ಲಿ ಬಿಸಿನೀರಿನ ಆವಿ ತುಂಬಿರುವಾಗ ಬಟ್ಟೆಯನ್ನು ಇಳಿಬಿಟ್ಟು ಅರ್ಧ ಗಂಟೆ ಹಾಗೇ ಬಿಡುತ್ತೇನೆ. ಸಣ್ಣ ಸುಕ್ಕು ಅಲ್ಲೇ ಹೋಗುತ್ತೆ. ಉಳಿದದ್ದಕ್ಕೆ ಅತಿ ಕಡಿಮೆ ಬಿಸಿಯ ಇಸ್ತ್ರಿ. ಇಸ್ತ್ರಿಯಲ್ಲಿ ಒಂದು ಚುಕ್ಕೆ ಅಂತ ಇರುತ್ತಲ್ಲ, ಅದು. 110 ಡಿಗ್ರಿ ಮೀರಬಾರದು. ಬಟ್ಟೆಯನ್ನು ತಿರುಗಿಸಿ, ಮೇಲೊಂದು ತೆಳು ಹತ್ತಿ ಬಟ್ಟೆ ಹಾಕಿ, ಹಿಂಬದಿಯಿಂದ ಒತ್ತಿ. ಒಂದೇ ಜಾಗದಲ್ಲಿ ಇಸ್ತ್ರಿ ನಿಲ್ಲಿಸಬೇಡಿ.

ತೂಗುಹಾಕಲು ನಾಲ್ಕು ಮೂಲೆಗೆ ನಾಲ್ಕು ಪಿನ್ನು ಅನ್ನುವುದು ಎಲ್ಲರೂ ಮಾಡುವ ತಪ್ಪು. ಮೇಲಂಚು ನಡುವೆ ಜೋತು ಬೀಳುತ್ತೆ. ಅದರ ಜೊತೆ ಮರಗಳೆಲ್ಲ ಒಳಕ್ಕೆ ವಾಲುತ್ತವೆ. ಹೂಬಳ್ಳಿಯ ವಿನ್ಯಾಸದಲ್ಲಿ ಇದು ಕಾಣುವುದಿಲ್ಲ. ಕಾಡಿನಲ್ಲಿ ಪ್ರತಿ ಮರವೂ ಒಂದು ನೆಟ್ಟ ಗೆರೆ, ಒಂದು ಬೆರಳು ವಾಲಿದರೂ ಎದ್ದು ಕಾಣುತ್ತೆ. ಮೇಲಂಚಿಗೆ ಕೋಲು ತೂರಿಸುವಷ್ಟು ಮಡಿಕೆ ಹೊಲಿಯಿರಿ. ನೇರವಾದ ಹಗುರ ಕೋಲು ಹಾಕಿ, ಎರಡು ತುದಿಗೆ ಎರಡು ಹುಕ್ಕು ಕೊಡಿ. ಕೋಲು ಉದ್ದವಾದರೆ ನಡುವೆ ಇನ್ನೊಂದು. ಕೆಳಗಿನ ಮಡಿಕೆಯಲ್ಲೂ ಒಂದು ತೆಳು ಕೋಲು ಹಾಕಿದರೆ ಫ್ಯಾನಿನ ಗಾಳಿಗೆ ಕಾಡು ಅಲುಗುವುದಿಲ್ಲ. ಮೇಲಿನ ಕೋಲಿಗೆ ರಸಮಟ್ಟ ಇಟ್ಟು ನೋಡಿ. ಇಲ್ಲದಿದ್ದರೆ ದಾರಕ್ಕೆ ಒಂದು ಬೀಗ ಕಟ್ಟಿ ಮರದ ಪಕ್ಕ ಇಳಿಬಿಡಿ. ದಾರವೂ ಮರವೂ ಜೊತೆಗೆ ಇಳಿದರೆ ಸರಿಯಾಯಿತು.

ಗೋಡೆಗೆ ತೂತು ಮಾಡಬಾರದು ಅನ್ನುವ ಮನೆಗಳಿರುತ್ತವೆ. ಈ ಬಟ್ಟೆ ಹಗುರ, ಹೆಚ್ಚೆಂದರೆ ಕಾಲು ಕೆ.ಜಿ. ಚಿಲ್ಲರೆ. ಹಗುರ ಕೋಲಿನ ಜೊತೆ ಅಂಟಿಸುವ ಹುಕ್ಕು ಸಾಕಾಗುತ್ತೆ. ಆದರೆ ಮೊದಲು ಗೋಡೆಯ ಆ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ ಒಣಗಲು ಬಿಡಿ. ಹುಕ್ಕು ಅಂಟಿಸಿ, ಒತ್ತಿ ಹಿಡಿದು, ಒಂದು ಗಂಟೆ ಬಿಟ್ಟು ಬಟ್ಟೆ ತೂಗಿಸಿ. ಪುಡಿ ಉದುರುವ ಗೋಡೆಗೆ ಮಾತ್ರ ಇದು ಬೇಡ. ಹುಕ್ಕು ಬಣ್ಣದ ಸಮೇತ ಬಿದ್ದುಬಿಡುತ್ತೆ.

ಬಿಸಿಲು ಈ ಬಟ್ಟೆಯ ದೊಡ್ಡ ಶತ್ರು. ಹಳೆಯ ಬಟ್ಟೆಗಳಿಗೆ ವಸ್ತು ಸಂಗ್ರಹಾಲಯಗಳಲ್ಲಿ 50 ಲಕ್ಸ್ ಬೆಳಕು ಮಾತ್ರ ಕೊಡುತ್ತಾರೆ (ಲಕ್ಸ್ ಅಂದರೆ ಬೆಳಕು ಎಷ್ಟು ಬೀಳುತ್ತೆ ಅನ್ನುವುದರ ಅಳತೆ). ನೇರ ಬಿಸಿಲು ಒಂದು ಲಕ್ಷ ಲಕ್ಸ್‌ವರೆಗೂ ಹೋಗುತ್ತೆ. ಕಿಟಕಿಗೆ ಗಾಜಿದೆಯಲ್ಲ ಅಂತ ನಂಬಿ ಕೂರಬೇಡಿ. ಬಣ್ಣ ಹಾಳುಮಾಡುವ ಕಿರಣಗಳಲ್ಲಿ ಒಂದು ದೊಡ್ಡ ಪಾಲು ಸಾಮಾನ್ಯ ಗಾಜಿನ ಮೂಲಕ ಒಳಗೆ ಬಂದೇ ಬರುತ್ತೆ. ಅಚ್ಚಿನಲ್ಲಿ ಹಸಿರು ಅಂದರೆ ನೀಲಿ ಮತ್ತು ಹಳದಿ ಶಾಯಿ ಸೇರಿದ್ದು. ಹಳದಿ ಮೊದಲು ಸೋತರೆ ಕಾಡು ನೀಲಿಗೆ ತಿರುಗುತ್ತೆ. ಬಿಸಿಲಲ್ಲಿ ಬಿಟ್ಟ ಪೋಸ್ಟರುಗಳು ನೀಲಿಯಾಗಿರುವುದನ್ನು ನೋಡಿದ್ದೀರಲ್ಲ. ಒಂದು ದಿನ ಬೆಳಿಗ್ಗೆಯಿಂದ ಸಂಜೆವರೆಗೆ ಬಿಸಿಲಿನ ಚೌಕ ಗೋಡೆಯ ಮೇಲೆ ಎಲ್ಲೆಲ್ಲಿ ಸರಿಯುತ್ತೆ ಗಮನಿಸಿ, ಅದು ತಾಗದ ಗೋಡೆ ಆರಿಸಿ.

ತೇವದ ಗೋಡೆಯೂ ಬೇಡ. ಹೊರಗಿನ ಗೋಡೆಯಾದರೆ ಬಟ್ಟೆ ಮತ್ತು ಗೋಡೆಯ ನಡುವೆ ಒಂದೆರಡು ಸೆಂ.ಮೀ. ಜಾಗ ಇರಲಿ. ಇಲ್ಲದಿದ್ದರೆ ಹಿಂದೆ ಬೂಷ್ಟು ಹಿಡಿದಿದ್ದು ಗೊತ್ತಾಗುವುದೇ ಇಲ್ಲ. ತಿಂಗಳಿಗೊಮ್ಮೆ ಕೆಳಂಚು ಎತ್ತಿ ಹಿಂದೆ ನೋಡಿ. ಸ್ವಿಚ್ಚು, ಒಲೆ, ಹೀಟರು, ಉರಿಯುವ ದೀಪ ಇವುಗಳಿಂದ ದೂರ ಇಡಿ. ಪಾಲಿಯೆಸ್ಟರಿಗೆ ಬೆಂಕಿ ತಾಗಿದರೆ ಕರಗಿ ಹನಿ ಹನಿಯಾಗಿ ಬೀಳುತ್ತೆ, ಆ ಹನಿ ಮೈಗೆ ಅಂಟಿಕೊಳ್ಳುತ್ತೆ. ಮಕ್ಕಳಿರುವ ಮನೆಯಲ್ಲಿ ಇದನ್ನು ಖಂಡಿತ ಮರೆಯಬೇಡಿ.

ಪಾಲಿಯೆಸ್ಟರ್ ಧೂಳನ್ನು ಎಳೆದುಕೊಳ್ಳುತ್ತೆ. ಹದಿನೈದು ದಿನಕ್ಕೊಮ್ಮೆ ಕೋಲಿನ ಸಮೇತ ಇಳಿಸಿ ಹೊರಗೆ ಕೊಡವಿದರೆ ಒಗೆಯುವ ಕೆಲಸ ವರ್ಷಕ್ಕೊಂದೋ ಎರಡೋ ಸಲ. ಒಗೆಯುವಾಗ ತಣ್ಣೀರು, ಸೌಮ್ಯ ಸೋಪು. ಬ್ಲೀಚ್ ಬೇಡವೇ ಬೇಡ. ಹಿಂಡದೆ, ನೆರಳಲ್ಲಿ ಕೋಲಿನ ಮೇಲೆ ಹಾಕಿ ಒಣಗಿಸಿ. ನೆಟ್ಟಗೆ ಒಣಗಿದರೆ ಇಸ್ತ್ರಿಯ ಕೆಲಸವೇ ಇಲ್ಲ.

ಎತ್ತಿಡುವುದಾದರೆ ಮಡಿಚಬೇಡಿ. ಗಟ್ಟಿ ರಟ್ಟಿನ ಕೊಳವೆಗೆ ಸುತ್ತಿ, ಮೇಲೊಂದು ಹಳೆ ಹತ್ತಿ ಬಟ್ಟೆ ಹೊದಿಸಿ ಕಟ್ಟಿಡಿ. ಹಿಂಬದಿಯ ಆ ಬಣ್ಣದ ಹೊಲಿಗೆಯನ್ನು ಮಾತ್ರ ಬಿಚ್ಚಬೇಡಿ. ಇನ್ನೊಂದು ಗೋಡೆಗೆ, ಇನ್ನೊಬ್ಬರ ಕುರ್ಚಿಯ ಎದುರಿಗೆ ಹಾಕುವ ದಿನ ಬಂದಾಗ ಅವರ ಕಣ್ಣಿನ ಎತ್ತರವೊಂದನ್ನು ಅಳೆದರೆ ಸಾಕಾಗುತ್ತೆ.