‘ಸಣ್ಣ ಆಪರೇಷನ್’ ಆದ ಮೇಲೆ ಕಣ್ಣು ಕಾಯುವುದು ಹೇಗೆ?

‘ಸಣ್ಣ ಆಪರೇಷನ್ ಅಂದಾರ, ಸಂಜೀಕ ಊರು ಮುಟ್ತೀನಿ’ ಎಂದರು, ಹುಬ್ಬಳ್ಳಿಯಲ್ಲಿ ಗ್ಲಾಕೋಮಾ (ಹೆಚ್ಚಾಗಿ ಕಣ್ಣೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ರೋಗ) ಶಸ್ತ್ರಚಿಕಿತ್ಸೆ ಮುಗಿಸಿ ಗದಗ ಬಸ್ಸಿಗೆ ಕಾಯುತ್ತಿದ್ದ ಹಿರಿಯರೊಬ್ಬರು. ಗಾಯದ ಮಟ್ಟಿಗೆ ಸಣ್ಣದು, ನಿಜ. ವೈದ್ಯರು ‘ಮಿಗ್ಸ್’ (ಕನಿಷ್ಠ ಗಾಯದ ಗ್ಲಾಕೋಮಾ ಶಸ್ತ್ರಚಿಕಿತ್ಸೆ) ಎನ್ನುವ ಈ ವಿಧಾನದಲ್ಲಿ ಕಣ್ಣೊಳಗಿನ ನೀರು ಹೊರಹೋಗುವ ಜಾಲರಿಯನ್ನು ಬಿಡಿಸುತ್ತಾರೆ, ಇಲ್ಲವೇ ನೀರು ಹರಿಯಲು ಸೂಕ್ಷ್ಮ ಸ್ಟೆಂಟ್ (ಪುಟ್ಟ ಕೊಳವೆ) ಕೂಡಿಸುತ್ತಾರೆ. ಇಳಿಯುವುದು ಒತ್ತಡ. ಹೋದ ದೃಷ್ಟಿ ಮರಳಿ ಬಾರದು.

ದಿನ ಗೊತ್ತುಮಾಡುವ ಮೊದಲು: ರಕ್ತ ತೆಳು ಮಾಡುವ ಮಾತ್ರೆ ನುಂಗುತ್ತಿದ್ದರೆ ತಿಳಿಸಿ, ನೀವಾಗಿಯೇ ನಿಲ್ಲಿಸಬೇಡಿ. ಸ್ಟೆಂಟ್ ಹಾಕುವುದಾದರೆ ಅದರ ಹೆಸರು ಬರೆಸಿಕೊಳ್ಳಿ; ಮುಂದೆ ದೋಷ ಕಂಡರೆ ಬೇಕಾಗುತ್ತದೆ. ‘ಸೈಪಾಸ್’ ಎಂಬ ಸ್ಟೆಂಟ್ ಎರಡು ವರ್ಷದ ಪರೀಕ್ಷೆ ದಾಟಿತ್ತು. ಐದನೇ ವರ್ಷಕ್ಕೆ ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಒಳಪದರದ ಜೀವಕೋಶಗಳು ಹೆಚ್ಚು ನಶಿಸಿದ್ದು ಕಂಡು, 2018ರ ಆಗಸ್ಟ್‌ನಲ್ಲಿ ತಯಾರಕರೇ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು.

ಮೊದಲ ರಾತ್ರಿ: ನೋಟ ಮಬ್ಬಾಗಿ, ಕರಿಗುಡ್ಡೆಯ ತಳದಲ್ಲಿ ಕುಂಕುಮದ ಗೆರೆ ಎಳೆದಂತೆ ರಕ್ತ ನಿಂತಿರಬಹುದು. ಜಾಲರಿ ಬಿಡಿಸಿದವರಲ್ಲಿ ಇದು ಸಾಮಾನ್ಯ. ಬಹುತೇಕ ಕೆಲವು ದಿನಗಳಲ್ಲಿ ತಾನೇ ಕರಗುತ್ತದೆ. ಎರಡು ದಿಂಬು ಇಟ್ಟು ತಲೆ ಎತ್ತರಿಸಿ ಮಲಗಿ. ಬಗ್ಗಿ ಕೊಡ ಎತ್ತುವುದು ಬೇಡ.

ಮರುದಿನದ ತಪಾಸಣೆ: ಇದನ್ನು ಮಾತ್ರ ತಪ್ಪಿಸಬೇಡಿ; ಆ ಹಿರಿಯರು ಒಂದು ರಾತ್ರಿ ಹುಬ್ಬಳ್ಳಿಯಲ್ಲೇ ಉಳಿಯಬೇಕಿತ್ತು. ನಮ್ಮ ಜನ ‘ಕಣ್ಣಿನ ಬಿಪಿ’ ಎನ್ನುವ ಒತ್ತಡ ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದೊಳಗೆ ಇರುತ್ತದೆ. ಒಳಗೆ ಉಳಿದ ರಕ್ತದಿಂದ, ಆಪರೇಷನ್ನಿಗೆ ಬಳಸಿದ ಜೆಲ್‌ನಿಂದ ಅದು ದಿಢೀರನೆ ಏರಬಹುದು, ನೋವೇ ಇಲ್ಲದೆ. ನೀರನ್ನು ಬಿಳಿಗುಡ್ಡೆಯ ಪೊರೆಯಡಿಗೆ ಹರಿಸುವ ಸ್ಟೆಂಟ್ ಆದರೆ ಉಲ್ಟಾ: ಒತ್ತಡ ಅತಿಯಾಗಿ ಕುಸಿಯಬಹುದು. ಮುಂದೆ ಅಲ್ಲಿ ಗಾಯ ಗಟ್ಟಿಯಾಗಿ ದಾರಿ ಮುಚ್ಚಿದರೆ ಸೂಜಿಯಿಂದ ಬಿಡಿಸಬೇಕಾದೀತು.

ಮುಂದಿನ ವಾರಗಳು: ಕಣ್ಣು ಉಜ್ಜಬೇಡಿ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಚೀಲ ಹೊರುವವರು, ತೊಟ್ಟು ಬಿಡಿಸುವವರು ವೈದ್ಯರು ಹೇಳುವವರೆಗೆ ಆ ಘಾಟಿನ ಕಡೆ ಸುಳಿಯದಿರುವುದೇ ಲೇಸು. ಕೈ ತಾನಾಗಿ ಕಣ್ಣಿಗೆ ಹೋಗುತ್ತದೆ.

ನೋವು, ಕೆಂಪು ದಿನೇದಿನೇ ಏರಿದರೆ, ಕೀವು ಬಂದರೆ, ನೋಟ ಥಟ್ಟನೆ ಕುಗ್ಗಿದರೆ, ತಲೆನೋವಿನ ಜತೆ ವಾಂತಿಯಾದರೆ ಸೋಮವಾರದವರೆಗೆ ಕಾಯಬೇಡಿ, ಅಂದೇ ಹೊರಡಿ. ಇನ್ನು ಆಪರೇಷನ್ ನಂತರ ಉರಿಯೂತ ತಗ್ಗಿಸಲು ಕೊಡುವ ಸ್ಟೆರಾಯ್ಡ್ ಹನಿ: ಅದೂ ಕೆಲವರಲ್ಲಿ ಒತ್ತಡ ಏರಿಸುತ್ತದೆ. ಚೀಟಿಯಲ್ಲಿ ಬರೆದ ದಿನ ಮುಗಿದ ಮೇಲೆ ಹಳೆ ಬಾಟಲಿ ತೋರಿಸಿ ಮೆಡಿಕಲ್ ಶಾಪ್‌ನಲ್ಲಿ ಇನ್ನೊಂದು ಕೊಳ್ಳಬೇಡಿ.